ತಪ್ಪು ನಂದೇ ಇರಬೇಕು

ಫೋನಿನಲ್ಲಿ ಪಿಂಚಣಿ ಅರ್ಜಿ ತುಂಬುತ್ತಿದ್ದ ಚಿಕ್ಕಮ್ಮ ಎದ್ದು ಒಳಗೆ ಹೋಗಿದ್ದು ಚಿಕ್ಕಪ್ಪನ ಮರಣ ಪ್ರಮಾಣಪತ್ರ ತರೋಕೆ. ಅದು ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಹುಡುಕಿ ತೆಗೆದರು. ಕನ್ನಡಕ ಹಾಕಿಕೊಂಡು ನೋಂದಣಿ ಸಂಖ್ಯೆಯನ್ನು ಎರಡೆರಡು ಸಲ ಓದಿ ನೋಡಿದರು. ವಾಪಸ್ ಬಂದು ಕೂರುವಷ್ಟರಲ್ಲಿ ಫೋನಿನ ಪರದೆ ಬದಲಾಗಿತ್ತು. ‘ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಅಂತ ಒಂದು ಸಾಲು. ಹೆಸರು, ವಿಳಾಸ, ಹುಟ್ಟಿದ ದಿನ, ಬ್ಯಾಂಕ್ ಖಾತೆ, ಎಲ್ಲ ಹೋಗಿತ್ತು. ಮುಕ್ಕಾಲು ಗಂಟೆ ಕೂತು, ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ತುಂಬಿದ್ದು ಅದು. ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕಮ್ಮನಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ‘ನಾನೇ ತಡ ಮಾಡ್ಬಿಟ್ಟೆ ಕಣೇ. ತಪ್ಪು ನಂದೇ ಇರಬೇಕು’ ಅಂದರು.

ಈ ಮಾತು ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಯಾಕಂದ್ರೆ ನನ್ನ ಕೆಲಸವೇ ಅದು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪರದೆಗಳ ವಿನ್ಯಾಸ ಮಾಡುತ್ತೇನೆ. ಯಾವ ಪ್ರಶ್ನೆ ಮೊದಲು ಬರಬೇಕು, ಬಟನ್ ಎಲ್ಲಿರಬೇಕು, ತಪ್ಪಾದಾಗ ಏನು ಹೇಳಬೇಕು ಅಂತ ದಿನವಿಡೀ ತಲೆ ಕೆಡಿಸಿಕೊಳ್ಳುವವಳು ನಾನು. ಹಾಗಾಗಿ ಆವತ್ತು ಏನಾಯಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲೋ ಒಂದು ಫೈಲಿನಲ್ಲಿ ‘ಹತ್ತು ನಿಮಿಷ’ ಅಂತ ಒಂದು ಅಂಕೆ ಇರುತ್ತದೆ. ಅಷ್ಟು ಹೊತ್ತು ಏನೂ ಒತ್ತದಿದ್ದರೆ ಸೆಷನ್ ಮುಗಿಯುತ್ತದೆ. ಸಾಫ್ಟ್‌ವೇರ್ ಜೊತೆ ಬಂದ ಅಂಕೆಯೇ ಇರಬಹುದು, ಯಾರೂ ಅದನ್ನು ಮುಟ್ಟಿರಲಿಕ್ಕಿಲ್ಲ. ಆ ಅಂಕೆ ಇಟ್ಟವರಿಗೆ ಬೀರುವಿನ ಅಡಿಯ ಕವರ್ ಗೊತ್ತಿಲ್ಲ, ಕನ್ನಡಕ ಹಾಕಿ ಎರಡು ಸಲ ಓದುವ ಕೈ ಗೊತ್ತಿಲ್ಲ. ಫಾರಂ ತುಂಬುವವರು ಎಲ್ಲ ಕಾಗದವನ್ನೂ ಪಕ್ಕದಲ್ಲಿ ಹರಡಿಕೊಂಡೇ ಕೂರುತ್ತಾರೆ ಅಂತ ಅಂದುಕೊಂಡಿದ್ದಾರೆ. ಯಾವ ಕಾಗದ ಬೇಕು ಅಂತ ಮೊದಲ ಪುಟದಲ್ಲಿ ಎಲ್ಲೂ ಹೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಕಾಲಮಿತಿ ಇಡುವುದಕ್ಕೆ ಕಾರಣ ಇಲ್ಲದೆ ಇಲ್ಲ. ಎಷ್ಟೋ ಜನ ಬೇರೆಯವರ ಕಂಪ್ಯೂಟರಿನಲ್ಲಿ, ಗ್ರಂಥಾಲಯದಲ್ಲಿ, ಸೇವಾ ಕೇಂದ್ರದಲ್ಲಿ ಕೂತು ಅರ್ಜಿ ಹಾಕುತ್ತಾರೆ. ಲಾಗ್ ಔಟ್ ಮಾಡದೆ ಎದ್ದು ಹೋದರೆ ಮುಂದೆ ಬಂದವರ ಕೈಗೆ ಅವರ ಖಾತೆ ಸಿಗುತ್ತದೆ. ಆದರೆ ಈ ತೊಡಕಿಗೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಅಂತ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲೇ ಒಂದು ಮಾರ್ಗಸೂಚಿ ಪ್ರಕಟಿಸಿದೆ. ಅದರಲ್ಲಿ ಕಾಲಮಿತಿಯ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ಸಮಯ ಮುಗಿಯುವ ಮೊದಲು ಎಚ್ಚರಿಸಬಹುದು, ‘ಇನ್ನೂ ಸಮಯ ಬೇಕು’ ಅಂತ ಹೇಳಲು ಕನಿಷ್ಠ 20 ಸೆಕೆಂಡ್ ಕೊಡಬಹುದು. ಸುಮ್ನೆ ಒಂದು ಬಟನ್ ಒತ್ತಿದರೆ ಸಾಕು ಅನ್ನುವಂತೆ ಇರಬೇಕು. ಕನಿಷ್ಠ ಹತ್ತು ಸಲ ಹಾಗೆ ಮುಂದೂಡಲು ಬಿಡಬೇಕು. ಇದು ಆ ಮಾರ್ಗಸೂಚಿಯ ತೀರಾ ಕೆಳಗಿನ, ಎಲ್ಲರೂ ಪಾಲಿಸಲೇಬೇಕಾದ ಹಂತದಲ್ಲಿರುವ ಮಾತು. ಒಬ್ಬ ಅನುಭವಿ ಪ್ರೋಗ್ರಾಮರ್‌ಗೆ ಒಂದೆರಡು ದಿನದ ಕೆಲಸ. ತುಂಬಿದ್ದನ್ನು ಆಗಾಗ ಉಳಿಸಿಕೊಳ್ಳುವ ವ್ಯವಸ್ಥೆಯೂ ಇದ್ದಿದ್ದರೆ ಚಿಕ್ಕಮ್ಮ ನಾಳೆ ಬೆಳಗ್ಗೆ ಎದ್ದು ಮುಂದುವರಿಸಬಹುದಿತ್ತು.

ಆವತ್ತು ರಾತ್ರಿ ಮತ್ತೆ ಮೊದಲಿನಿಂದ ತುಂಬಿದೆವು. ಈ ಸಲ ನಾನೇ ಒತ್ತಿದೆ, ಅವರು ಓದಿ ಹೇಳಿದರು. ನಡುನಡುವೆ ‘ಬೇಗ ಬೇಗ, ಹೋಗ್ಬಿಡುತ್ತೆ’ ಅನ್ನುತ್ತಿದ್ದರು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರು ಹುಟ್ಟಿದ ದಿನ, ಸತ್ತ ದಿನ, ಸತ್ತ ಕಾರಣವನ್ನು ಒಂದೇ ಸಂಜೆ ಎರಡು ಸಲ ಹೇಳಬೇಕಾಯಿತು.

ರಾತ್ರಿ ಬಾಗಿಲು ಹಾಕುವ ವೆಬ್‌ಸೈಟ್

ಇಂಥದ್ದನ್ನು ಸಣ್ಣ ತೊಂದರೆ ಅಂತ ತಳ್ಳಿಹಾಕುವವರಿಗೆ ನಾನು ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ ಮೆಡಿಕೈಡ್ ಅಂತ ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ ಇದೆ. 2018ರಲ್ಲಿ ಅದಕ್ಕೆ ಹೊಸ ಷರತ್ತು ಬಂತು. ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದೇನೆ ಅಂತ ಪ್ರತಿ ತಿಂಗಳೂ ವರದಿ ಮಾಡಬೇಕು. ಶುರುವಿನ ತಿಂಗಳುಗಳಲ್ಲಿ ವೆಬ್‌ಸೈಟಿನಲ್ಲಿ ಮಾತ್ರ ವರದಿ ಮಾಡಬಹುದಿತ್ತು. ಆ ವೆಬ್‌ಸೈಟ್ ಪ್ರತಿದಿನ ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲು ಪಾಳಿ ಮುಗಿಸಿ, ಮಕ್ಕಳಿಗೆ ಊಟ ಹಾಕಿ, ಒಂಬತ್ತೂವರೆಗೆ ಫೋನ್ ಹಿಡಿದು ಕೂತವರ ಗತಿ ಏನು? ಕೆಲಸ ಮಾಡಿದ್ದಾರೆ, ಆದರೆ ಮಾಡಿದ್ದೇನೆ ಅಂತ ಹೇಳಲು ಜಾಗ ಇಲ್ಲ. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆಮೇಲೆ ಸಂಶೋಧಕರು ಹೋಗಿ ಕೇಳಿದಾಗ, ಷರತ್ತು ಅನ್ವಯಿಸಿದ್ದವರಲ್ಲಿ ಬಹುಪಾಲು ಜನ ಮೊದಲೇ ಅಷ್ಟು ಕೆಲಸ ಮಾಡುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು ಅಂತ ಗೊತ್ತಾಯಿತು.

ಸೌಲಭ್ಯ ಯಾರಿಗೆ ಸಿಗಬೇಕು ಅಂತ ಕಾನೂನು ಹೇಳುತ್ತದೆ, ಶಾಸನಸಭೆಯಲ್ಲಿ ಚರ್ಚೆ ಆಗುತ್ತದೆ. ವೆಬ್‌ಸೈಟ್ ಎಷ್ಟು ಹೊತ್ತಿಗೆ ಮುಚ್ಚಬೇಕು ಅಂತ ಯಾವ ಸಭೆಯಲ್ಲೂ ಚರ್ಚೆ ಆಗುವುದಿಲ್ಲ. ಆದರೆ ಕೊನೆಗೆ ಎರಡೂ ಒಂದೇ ಕೆಲಸ ಮಾಡುತ್ತವೆ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನಗೆ ನನ್ನ ಕೆಲಸದ ಬಗ್ಗೆಯೇ ಭಯ ಬಂತು. ಒಂದು ಬಾಕ್ಸಿಗೆ ‘ಕಡ್ಡಾಯ’ ಅಂತ ಕೆಂಪು ಚುಕ್ಕೆ ಇಡುವಾಗ ಈಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಸಾವಿರ ಪ್ರಶ್ನೆ

ಹೆದರಿಕೆಯ ಜೊತೆಗೆ ಧೈರ್ಯ ಕೊಟ್ಟ ಉದಾಹರಣೆಯೂ ಅಮೆರಿಕದ್ದೇ, ಮಿಷಿಗನ್ ರಾಜ್ಯದ್ದು. ಅಲ್ಲಿ ಆಹಾರ, ಆರೋಗ್ಯ, ಮಕ್ಕಳ ಪಾಲನೆ ಇವೆಲ್ಲದರ ನೆರವಿಗೆ ಒಂದೇ ಅರ್ಜಿ ಇತ್ತು. 42 ಪುಟ, ಸುಮಾರು 18,000 ಪದ, ಸಾವಿರಕ್ಕೂ ಹೆಚ್ಚು ಪ್ರಶ್ನೆ. ಅದರಲ್ಲಿ ಒಂದು ಪ್ರಶ್ನೆ ನಿಮ್ಮ ಮಗು ಗರ್ಭದಲ್ಲಿ ಮೂಡಿದ ದಿನಾಂಕ ಯಾವುದು ಅಂತ. ಒಬ್ಬ ತಾಯಿ ಈ ಪ್ರಶ್ನೆ ಮುಂದೆ ಕೂತಿರುವುದನ್ನು ಒಂದು ಸಲ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಆಕೆಗೆ ಬೇಕಿದ್ದದ್ದು ತಿಂಗಳ ರೇಷನ್ನಿಗೆ ನೆರವು.

ಡೆಟ್ರಾಯಿಟ್‌ನ ಸಿವಿಲ್ಲಾ ಅನ್ನುವ ಸಂಸ್ಥೆಯವರು ಈ ಫಾರಂ ಹಿಡಿದುಕೊಂಡು ಹೊರಟರು. ತುಂಬುವವರ ಪಕ್ಕ ಕೂತರು. ಅದನ್ನು ಓದಿ ಪಾಸು ಮಾಡುವ ಸಿಬ್ಬಂದಿಯ ಪಕ್ಕವೂ ಕೂತರು. ಆಮೇಲೆ ಇಲಾಖೆಯ ದೊಡ್ಡ ಅಧಿಕಾರಿಗಳ ಕೈಗೇ ಅದೇ ಫಾರಂ ಕೊಟ್ಟು ತುಂಬಿ ನೋಡಿ ಅಂದರು. ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದು ಪ್ರಶ್ನೆ ಯಾಕಿದೆ ಅಂತ ಕೇಳಿದರೆ ಪ್ರತಿ ಸಲ ‘ಕಾನೂನಿನಲ್ಲಿದೆ’ ಅನ್ನುವ ಉತ್ತರ ಬರುತ್ತದೆ. ಅವರು ಕಾನೂನನ್ನು ತೆರೆದು ಒಂದೊಂದೇ ಪ್ರಶ್ನೆಯನ್ನು ತಾಳೆ ನೋಡಿದರು. ಎಷ್ಟೋ ಪ್ರಶ್ನೆಗಳು ಕಾನೂನಿಗೆ ಬೇಕಿರಲೇ ಇಲ್ಲ. ಒಂದೇ ವಿಷಯವನ್ನು ಬೇರೆ ಬೇರೆ ಕಡೆ ಮತ್ತೆ ಮತ್ತೆ ಕೇಳಿದ್ದರು. 2018ರಲ್ಲಿ ಹೊಸ ಫಾರಂ ಬಂದಾಗ ಅದು ಹಳೆಯದಕ್ಕಿಂತ ಶೇ 80ರಷ್ಟು ಚಿಕ್ಕದಾಗಿತ್ತು. ಕಾನೂನು ಹಾಗೇ ಇತ್ತು, ಅರ್ಹತೆಯ ನಿಯಮವೂ ಹಾಗೇ ಇತ್ತು.

ಗಮನಿಸಿ, ಆ ಮೊದಲ ಫಾರಂ ಕಾಗದದ್ದು. ಅದನ್ನು ಹಾಗೆಯೇ ಮೊಬೈಲ್ ಆಪ್ ಮಾಡಿದ್ದಿದ್ದರೆ ಸಾವಿರ ಪ್ರಶ್ನೆಗಳ ಆಪ್ ಸಿಗುತ್ತಿತ್ತು. ಉದ್ಘಾಟನೆ ಆಗುತ್ತಿತ್ತು, ಡಿಜಿಟಲ್ ಆಯಿತು ಅಂತ ಸುದ್ದಿಯೂ ಆಗುತ್ತಿತ್ತು. ನಾನು ನೋಡಿದ ಬಹಳಷ್ಟು ಸರ್ಕಾರಿ ಫಾರಂಗಳ ಕಥೆ ಇದೇ. ಕಾಗದದ ಎಡ ಮೂಲೆಯಲ್ಲಿ ‘ಕಚೇರಿ ಉಪಯೋಗಕ್ಕೆ ಮಾತ್ರ’ ಅಂತ ಇದ್ದ ಚೌಕ ಕೂಡ ಪರದೆಯ ಮೇಲೆ ಬಂದು ಕೂತಿರುತ್ತದೆ. ಜನ ಅದರ ಮೇಲೂ ಬೆರಳು ಒತ್ತಿ ನೋಡುತ್ತಾರೆ, ತೆರೆಯದಿದ್ದರೆ ಗಾಬರಿ ಆಗುತ್ತಾರೆ.

ಒಲೆ ಒಂದೋ ಎರಡೋ?

ಚಿಕ್ಕಮ್ಮನ ಪ್ರಸಂಗ ಆಗಿ ಒಂದು ವರ್ಷಕ್ಕೆ ನಮ್ಮ ಕಂಪನಿಗೇ ಅಂಥ ಒಂದು ಕೆಲಸ ಬಂತು. ಕುಟುಂಬಗಳಿಗೆ ನೆರವು ಕೊಡುವ ಯೋಜನೆಯ ಅರ್ಜಿ. ನಿಜವಾಗಿ ಅರ್ಜಿ ಹಾಕುವಂಥ ಐದು ಜನರನ್ನು ಕರೆಸಿ, ಅವರು ತುಂಬುವುದನ್ನು ನೋಡೋಣ ಅಂತ ನಾನು ಹಟ ಹಿಡಿದೆ. ಐದೇ ಜನ ಸಾಕಾ ಅಂತ ಮ್ಯಾನೇಜರ್ ಕೇಳಿದರು. ದೊಡ್ಡ ತಪ್ಪುಗಳನ್ನು ಕಾಣೋಕೆ ಐದು ಜನ ಸಾಕು, ನಮ್ಮ ಕ್ಷೇತ್ರದಲ್ಲಿ ಇದು ಹಳೆಯ ಮಾತು. ನಾವು ಎಡವಿದ್ದು ಎರಡನೆಯವರಲ್ಲೇ ಗೊತ್ತಾಯಿತು.

ಅವರಿಗೆ ಐವತ್ತು ದಾಟಿತ್ತು. ಲಾರಿಗೆ ಲೋಡ್ ಮಾಡುವ ಕೆಲಸ. ಬೆರಳುಗಳು ಎಷ್ಟು ಒರಟಾಗಿದ್ದವು ಅಂದರೆ ಪರದೆ ಕೆಲವೊಮ್ಮೆ ಅವರ ಸ್ಪರ್ಶವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಮೂರನೆಯ ಪುಟದಲ್ಲಿ ‘ಕುಟುಂಬದ ಒಟ್ಟು ಸದಸ್ಯರ ಸಂಖ್ಯೆ’ ಅಂತ ಒಂದು ಬಾಕ್ಸ್ ಇತ್ತು. ನಮ್ಮ ಇಡೀ ಫಾರಂನಲ್ಲಿ ಅದಕ್ಕಿಂತ ಸುಲಭದ ಪ್ರಶ್ನೆ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಅವರು ಅಲ್ಲಿ ನಿಂತರು. ಒಂದು ನಿಮಿಷ, ಎರಡು ನಿಮಿಷ. ನಾನು ಮಾತಾಡಬಾರದು, ನೋಡುತ್ತಾ ಇರಬೇಕು, ಅದು ನಿಯಮ. ನಾಲ್ಕು ನಿಮಿಷ ಆದಮೇಲೆ ತಲೆ ಎತ್ತಿ ಕೇಳಿದರು, ‘ಮೇಡಂ, ಇದಕ್ಕೆ ಸರಿಯಾದ ಉತ್ತರ ಎಷ್ಟು? ನೀವೇ ಹೇಳಿ, ಅದನ್ನೇ ಹಾಕ್ತೀನಿ.’

‘ನಿಮ್ಮ ಮನೇಲಿ ಎಷ್ಟು ಜನ ಇದ್ದೀರಿ ಸರ್?’ ಅಂದೆ.

ಆಗ ಬಿಚ್ಚಿಕೊಂಡಿತು. ದೊಡ್ಡ ಮಗ ಬೇರೆ ಕಡೆ ಕೆಲಸದಲ್ಲಿದ್ದಾನೆ, ಎರಡು ತಿಂಗಳಿಗೊಮ್ಮೆ ಬರುತ್ತಾನೆ, ಆಗಾಗ ದುಡ್ಡು ಕಳಿಸುತ್ತಾನೆ. ತೀರಿಕೊಂಡ ತಮ್ಮನ ಹೆಂಡತಿ ಅದೇ ಮನೆಯಲ್ಲಿ ಇದ್ದಾರೆ, ಆದರೆ ಒಲೆ ಬೇರೆ. ಅವರ ಮಗಳು ಮಾತ್ರ ಮಧ್ಯಾಹ್ನದ ಊಟ ಇವರ ಜೊತೆಗೇ ಮಾಡುತ್ತಾಳೆ. ಹಾಗಾದರೆ ನಾಲ್ಕಾ, ಐದಾ, ಏಳಾ? ಆ ಬಾಕ್ಸಿನ ಕೆಳಗೆ ನಾವೇ ಒಂದು ಸಾಲು ಹಾಕಿದ್ದೆವು: ‘ಸುಳ್ಳು ಮಾಹಿತಿ ನೀಡಿದಲ್ಲಿ ಶಿಕ್ಷೆಗೆ ಒಳಪಡುವಿರಿ.’ ಅವರು ಅದರ ಮೇಲೆ ಬೆರಳಿಟ್ಟು, ‘ತಪ್ಪಾದ್ರೆ ಒಳಗೆ ಹಾಕ್ತಾರಲ್ವಾ?’ ಅಂದರು. ಬೆವರು ಒರೆಸಿಕೊಂಡರು. ಹೊರಗೆ ಬಿಸಿಲೇನೂ ಇರಲಿಲ್ಲ.

ಆ ಮನುಷ್ಯ ಸುಳ್ಳು ಹೇಳಲು ಬಂದವರಲ್ಲ. ನಿಜ ಹೇಳಲು ನಾವು ಜಾಗ ಇಟ್ಟಿರಲಿಲ್ಲ. ಅಮೆರಿಕದ ಆಹಾರ ನೆರವಿನ ನಿಯಮದಲ್ಲಿ, ಒಟ್ಟಿಗೆ ವಾಸಿಸುತ್ತಾ ಒಟ್ಟಿಗೆ ಅಡುಗೆ ಮಾಡಿ ಉಣ್ಣುವವರೇ ಒಂದು ಮನೆಯವರು ಅಂತ ಸ್ಥೂಲವಾಗಿ ಲೆಕ್ಕ. ‘ಒಲೆ ಬೇರೆ’ ಅಂತ ನಾವು ಸಹಜವಾಗಿ ಹೇಳುವ ಮಾತು ಅಲ್ಲಿ ನಿಯಮವಾಗಿ ಕೂತಿದೆ. ನಮ್ಮ ಯೋಜನೆಯ ನಿಯಮ ತೆಗೆದು ನೋಡಿದರೆ ಅದರಲ್ಲೂ ಹೆಚ್ಚುಕಡಿಮೆ ಅದೇ ಅರ್ಥ ಇತ್ತು. ನಾವು ಅದನ್ನು ಪರದೆಯ ಮೇಲೆ ತರುವಾಗ ‘ಒಟ್ಟು ಸದಸ್ಯರ ಸಂಖ್ಯೆ’ ಅಂತ ಸುಲಭ ಮಾಡಿದ್ದೆವು. ಸುಲಭ ಆಗಿದ್ದು ನಮಗೆ.

ಆ ವಾರವೇ ಬದಲಾಯಿಸಿದೆವು. ಸಂಖ್ಯೆ ಕೇಳುವುದನ್ನು ಬಿಟ್ಟೆವು. ‘ನಿಮ್ಮ ಜೊತೆ ಒಂದೇ ಮನೆಯಲ್ಲಿ ಇರುವವರ ಹೆಸರು ಒಂದೊಂದಾಗಿ ಹೇಳಿ’ ಅಂತ ಒಂದು ಪುಟ. ಪ್ರತಿ ಹೆಸರಿಗೂ ‘ಇವರ ಅಡುಗೆ ನಿಮ್ಮ ಜೊತೆಯೇ ಆಗುತ್ತದಾ?’ ಅಂತ ಮುಂದಿನ ಪುಟ. ‘ಕೆಲವೊಮ್ಮೆ’ ಅನ್ನುವ ಉತ್ತರಕ್ಕೂ ಒಂದು ಬಟನ್. ಎಣಿಸುವ ಕೆಲಸ ಕಂಪ್ಯೂಟರಿನದು. ಒಂದು ಪುಟಕ್ಕೆ ಒಂದೇ ಪ್ರಶ್ನೆ ಇಡುವುದನ್ನು ನಾವು ಕಲಿತದ್ದು ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ತಂಡದಿಂದ. 2011ರಲ್ಲಿ ಶುರುವಾದ ಆ ತಂಡ ತನ್ನ ವಿನ್ಯಾಸದ ಪಾಠಗಳನ್ನೆಲ್ಲ ಯಾರು ಬೇಕಾದರೂ ಬಳಸಲಿ ಅಂತ ಬಹಿರಂಗವಾಗಿ ಇಟ್ಟಿದೆ. ಪುಟಗಳು ಜಾಸ್ತಿ ಆಗುತ್ತವೆ, ಅಷ್ಟು ಒತ್ತುತ್ತಾ ಹೋಗುವ ತಾಳ್ಮೆ ಯಾರಿಗಿದೆ ಅಂತ ಆಫೀಸಿನಲ್ಲಿ ವಾದ ಆಯಿತು. ಮುಂದಿನ ಸುತ್ತಿನಲ್ಲಿ ಬಂದ ಐದೂ ಜನ ಆ ಭಾಗವನ್ನು ಎಲ್ಲೂ ನಿಲ್ಲದೆ ದಾಟಿದರು. ಶಿಕ್ಷೆಯ ಸಾಲನ್ನು ತೆಗೆಯಲು ನಮಗೆ ಅನುಮತಿ ಸಿಗಲಿಲ್ಲ. ಕೊನೆಯ ಪುಟಕ್ಕೆ ಸರಿಸಿ, ‘ಗೊತ್ತಿಲ್ಲದೆ ತಪ್ಪಾಗಿದ್ದರೆ ಆಮೇಲೆ ತಿದ್ದಬಹುದು’ ಅಂತ ಜೊತೆಗೊಂದು ಸಾಲು ಸೇರಿಸಿದೆವು.

ಆ ಭಯ ಸುಳ್ಳಲ್ಲ ಅನ್ನುವುದು ನನಗೆ ಜಾಸ್ತಿ ನೋವು ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಏನಾಯಿತು ನೋಡಿ. ಭತ್ಯೆ ಪಡೆದವರು ಹೆಚ್ಚು ಪಡೆದಿದ್ದಾರಾ ಅಂತ ಪತ್ತೆ ಮಾಡಲು 2016ರ ಹೊತ್ತಿಗೆ ಒಂದು ಸ್ವಯಂಚಾಲಿತ ವ್ಯವಸ್ಥೆ ತಂದರು. ಜನ ಅದನ್ನು ರೋಬೋಡೆಟ್ ಅಂತ ಕರೆದರು. ತೆರಿಗೆ ಇಲಾಖೆಯಲ್ಲಿದ್ದ ವರ್ಷದ ಆದಾಯವನ್ನು 26ರಿಂದ ಭಾಗಿಸಿ, ಎರಡೆರಡು ವಾರಕ್ಕೆ ಸಮನಾಗಿ ಹಂಚುವುದು ಅದರ ಲೆಕ್ಕ. ಆರು ತಿಂಗಳು ದುಡಿದು, ಆರು ತಿಂಗಳು ಕೆಲಸ ಇಲ್ಲದೆ ಭತ್ಯೆ ತೆಗೆದುಕೊಂಡವರನ್ನು ನೆನೆಯಿರಿ. ಈ ಲೆಕ್ಕದಲ್ಲಿ ಅವರು ವರ್ಷವಿಡೀ ದುಡಿದಂತೆ ಕಾಣುತ್ತಾರೆ. ಭತ್ಯೆ ಪಡೆದ ತಿಂಗಳುಗಳಲ್ಲೂ ಆದಾಯ ಇತ್ತು ಅಂತ ಆಗಿ, ಸಾಲದ ನೋಟಿಸು ಮನೆಗೆ ಬರುತ್ತದೆ. ಅಲ್ಲ ಅಂತ ತೋರಿಸಲು ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕಬೇಕಾದವರು ಅವರೇ. ಸುಮಾರು 4.7 ಲಕ್ಷ ನೋಟಿಸುಗಳ ಹಣವನ್ನು ವಾಪಸ್ ಕೊಡುತ್ತೇವೆ ಅಂತ 2020ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಅದು ಒರಟು ಮತ್ತು ಕ್ರೂರ ವ್ಯವಸ್ಥೆ, ನ್ಯಾಯವೂ ಅಲ್ಲ ಕಾನೂನುಬದ್ಧವೂ ಅಲ್ಲ ಅಂತ 2023ರ ಜುಲೈನಲ್ಲಿ ವಿಚಾರಣಾ ಆಯೋಗ ಬರೆಯಿತು.

ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾರೆ. ಮದುವೆ, ಹಬ್ಬ ಇದ್ದ ತಿಂಗಳು ರಾತ್ರಿಯೆಲ್ಲ ಮಿಷನ್ ಓಡುತ್ತದೆ. ಆಮೇಲೆ ಎರಡು ತಿಂಗಳು ಅದರ ಮೇಲೆ ಬಟ್ಟೆ ಮುಚ್ಚಿರುತ್ತದೆ. ಫಾರಂನಲ್ಲಿ ಅವರಿಗಿದ್ದ ಬಾಕ್ಸ್ ‘ಮಾಸಿಕ ಆದಾಯ’, ಒಂದೇ ಒಂದು.

ಸುದ್ದಿಯಾಗದ ಸೋಲು

2013ರ ಅಕ್ಟೋಬರ್ 1ರಂದು ಅಮೆರಿಕದ ಆರೋಗ್ಯ ವಿಮೆಯ ವೆಬ್‌ಸೈಟ್ ಶುರುವಾದ ದಿನವೇ ಕುಸಿಯಿತು. ಮೊದಲ ದಿನ ಪೂರ್ತಿ ನೋಂದಣಿ ಮಾಡಿಕೊಳ್ಳಲು ಆದದ್ದು ಆರೇ ಜನರಿಗೆ. ಇಡೀ ದೇಶ ಅದರ ಬಗ್ಗೆ ಮಾತಾಡಿತು, ತಜ್ಞರನ್ನು ಕರೆಸಿದರು, ಕೆಲವೇ ತಿಂಗಳಲ್ಲಿ ಸರಿಮಾಡಿದರು. ಸರ್ವರ್ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಒಬ್ಬ ಹೆಂಗಸು ಹನ್ನೊಂದನೇ ಪುಟದಲ್ಲಿ ಕೈಬಿಟ್ಟು ಫೋನ್ ಕೆಳಗಿಟ್ಟರೆ ಯಾರಿಗೂ ಕಾಣುವುದಿಲ್ಲ. ಕಚೇರಿಯ ಲೆಕ್ಕದಲ್ಲಿ ಆಕೆ ಅರ್ಜಿಯನ್ನೇ ಹಾಕಿಲ್ಲ. ಆಕೆಯೂ ದೂರು ಕೊಡುವುದಿಲ್ಲ, ತಪ್ಪು ತನ್ನದೇ ಅಂತ ನಂಬಿರುತ್ತಾಳಲ್ಲ.

ಹಾಗಾಗಿ ನಾನು ಈಗ ಸಿಕ್ಕಿದ ಕಡೆಯೆಲ್ಲ ಒಂದೇ ವಿಷಯ ಹಿಡಿದು ಕೇಳುತ್ತಿದ್ದೇನೆ. ಎಷ್ಟು ಜನ ಅರ್ಜಿ ಶುರು ಮಾಡಿದರು, ಎಷ್ಟು ಜನ ಮುಗಿಸಿದರು, ಯಾವ ಪುಟದಲ್ಲಿ ನಿಂತರು? ಈ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಬ್ರಿಟನ್ನಿನ ಆ ತಂಡ ಪ್ರತಿ ಸರ್ಕಾರಿ ಸೇವೆಯೂ ನಾಲ್ಕು ಅಳತೆಗಳನ್ನು ಕೊಡಬೇಕು ಅಂತ ಮಾಡಿತ್ತು. ಶುರು ಮಾಡಿದವರಲ್ಲಿ ಮುಗಿಸಿದವರು ಎಷ್ಟು ಅನ್ನುವುದು ಅದರಲ್ಲಿ ಒಂದು. ಟೆಂಡರ್ ಕರೆಯುವಾಗಲೇ ಇದು ಷರತ್ತಿನಲ್ಲಿ ಬರಬೇಕು. ಈಗಿನ ಟೆಂಡರ್‌ಗಳಲ್ಲಿ ಸರ್ವರ್ ಎಷ್ಟು ಗಂಟೆ ನಡೆಯಬೇಕು, ಎಷ್ಟು ಜನ ಒಟ್ಟಿಗೆ ಲಾಗಿನ್ ಆಗಬಹುದು ಅಂತೆಲ್ಲ ಪುಟಗಟ್ಟಲೆ ಇರುತ್ತದೆ. ಐದು ಜನ ಅರ್ಜಿದಾರರನ್ನು ಕೂರಿಸಿ ನೋಡಿದ ಮೇಲೆಯೇ ಹಣ ಕೊಡುತ್ತೇವೆ ಅಂತ ಒಂದು ಸಾಲು ನಾನು ಓದಿದ ಯಾವುದರಲ್ಲೂ ಕಂಡಿಲ್ಲ.

ಇದನ್ನೆಲ್ಲ ಹೇಳಿದಾಗ ಮೋಸದ ಮಾತು ಬಂದೇ ಬರುತ್ತದೆ. ಸುಲಭ ಮಾಡಿದರೆ ಅನರ್ಹರೂ ನುಗ್ಗುತ್ತಾರೆ ಅನ್ನುತ್ತಾರೆ. ಮೋಸ ಮಾಡುವವರಿಗೆ ಫಾರಂ ತುಂಬಲು ಬರುತ್ತದೆ, ಅವರಿಗೆ ಸಮಯವೂ ಇದೆ, ಮಾಡಿಕೊಡುವ ಜನವೂ ಇದ್ದಾರೆ. ಕಷ್ಟದ ಫಾರಂ ಮೊದಲು ಹೊರಗೆ ನಿಲ್ಲಿಸುವುದು ದಣಿದವರನ್ನು, ಕಣ್ಣು ಮಂಜಾದವರನ್ನು, ಆಗ ತಾನೇ ಗಂಡನನ್ನು ಕಳೆದುಕೊಂಡವರನ್ನು. ಅರ್ಹತೆ ಪರಿಶೀಲಿಸಬೇಕು ಅಂದರೆ ಸರ್ಕಾರದ ಹತ್ತಿರ ಈಗಾಗಲೇ ಇರುವ ದಾಖಲೆ ನೋಡಬಹುದು. ಎಸ್ಟೋನಿಯಾದಲ್ಲಿ 2019ರಿಂದ ಮಗುವಿನ ಜನನ ನೋಂದಣಿ ಆದರೆ ಸಾಕು, ನಿಮಗೆ ಈ ಭತ್ಯೆ ಸಿಗುತ್ತದೆ, ಒಪ್ಪಿಗೆಯಾ ಅಂತ ವ್ಯವಸ್ಥೆಯೇ ತಂದೆ ತಾಯಿಯನ್ನು ಕೇಳುತ್ತದೆ. ಆದರೆ ದಾಖಲೆ ಜೋಡಿಸುವುದನ್ನು ನಂಬಿ ಮನುಷ್ಯರನ್ನು ಪಕ್ಕಕ್ಕೆ ಸರಿಸಿದರೆ ರೋಬೋಡೆಟ್ ಆಗುತ್ತದೆ. ಆದ್ದರಿಂದ ಕೌಂಟರ್ ಇರಲೇಬೇಕು, ಫೋನ್ ಎತ್ತಿ ಮಾತಾಡುವ ದನಿ ಇರಲೇಬೇಕು, ಕಾಗದದ ಅರ್ಜಿಯೂ ಇರಲೇಬೇಕು. ಆಪ್ ಬಂತು ಅಂತ ಇದನ್ನೆಲ್ಲ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಆಪ್ ಮಾಡಿ ಸಂಬಳ ತೆಗೆದುಕೊಳ್ಳುವ ನಾನೇ ಇದನ್ನು ಹೇಳುತ್ತಿದ್ದೇನೆ.

ಚಿಕ್ಕಮ್ಮನಿಗೆ ಪಿಂಚಣಿ ಮಂಜೂರಾಯಿತು, ಎರಡನೇ ಸಲದ ಅರ್ಜಿಗೆ. ಆವತ್ತಿನ ಸಿಟ್ಟಿನಲ್ಲಿ ನಾನು ಆ ಕಚೇರಿಗೆ ಒಂದು ಪತ್ರ ಬರೆದಿದ್ದೆ. ಕಾಲಮಿತಿ ಮುಗಿಯುವ ಮೊದಲು ಒಂದು ಎಚ್ಚರಿಕೆ ಕೊಡಿ, ಹೇಗೆ ಅಂತ ಇಲ್ಲಿದೆ, ಅಂತ ಚಿತ್ರ ಬಿಡಿಸಿ ಕಳಿಸಿದ್ದೆ. ಉತ್ತರ ಬರಲಿಲ್ಲ. ಆರು ತಿಂಗಳ ನಂತರ ಇನ್ನೊಂದು ಪತ್ರ ಬರೆದೆ, ಅದಕ್ಕೂ ಬರಲಿಲ್ಲ.

ಹೋದ ತಿಂಗಳು ನವೀಕರಣಕ್ಕೆ ಅಂತ ಮತ್ತೆ ಅದೇ ವೆಬ್‌ಸೈಟ್ ತೆರೆದಿದ್ದೆವು. ಈ ಸಲ ಚಿಕ್ಕಮ್ಮ ತಾವೇ ಒತ್ತುತ್ತೇನೆ ಅಂದರು, ನಾನು ಪಕ್ಕದಲ್ಲಿ ಕೂತಿದ್ದೆ. ಎಲ್ಲ ಕಾಗದವನ್ನೂ ಮೊದಲೇ ತಂದು ಚಾಪೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. ಬ್ಯಾಂಕಿನ ಪಾಸ್‌ಬುಕ್ ಒಂದು ಮರೆತಿತ್ತು. ಎದ್ದು ನಿಂತು, ‘ಅಯ್ಯೋ, ಹೋಗ್ಬಿಡುತ್ತೆ’ ಅಂತ ನನ್ನ ಮುಖ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಬಂತು. ‘ನಿಮಗೆ ಇನ್ನೂ ಸಮಯ ಬೇಕೇ?’ ಕೆಳಗೆ ದೊಡ್ಡದಾಗಿ ‘ಹೌದು’. ಚಿಕ್ಕಮ್ಮ ಬಗ್ಗಿ ಅದನ್ನು ಎರಡು ಸಲ ಓದಿದರು. ತೋರುಬೆರಳಿನಿಂದ ‘ಹೌದು’ ಒತ್ತಿದರು. ಆಮೇಲೆ ನಿಧಾನವಾಗಿ ಒಳಗೆ ಹೋಗಿ, ಬೀರು ತೆಗೆದರು.